ಒಂದು ಲೋಟ ನೀರು, ಎರಡು ಹಿಡಿ ಯೂರಿಯಾ

ಮನೆಯಲ್ಲಿ ಗೊಬ್ಬರದ ಮೂಟೆ ಇದ್ದರೆ ಒಂದು ಕೆಲಸ ಮಾಡಿ ನೋಡಿ. ಹಳೆಯ ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ನೀರು ತೆಗೆದುಕೊಳ್ಳಿ. ಎರಡು ಹಿಡಿ ಯೂರಿಯಾ ಸುರಿದು ಕಡ್ಡಿಯಲ್ಲಿ ಕಲಕಿ. ಸ್ವಲ್ಪ ಹೊತ್ತಿಗೇ ಲೋಟ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಮಾಡಿದರೆ ಹೊರಮೈ ಬೆವರುವುದೂ ಕಾಣುತ್ತದೆ, ಈಗ ತಾನೇ ಫ್ರಿಜ್‌ನಿಂದ ತೆಗೆದ ಹಾಗೆ. ಆ ಲೋಟವನ್ನು ಮಾತ್ರ ವಾಪಸ್ ಅಡುಗೆಮನೆಗೆ ತರಬೇಡಿ. ನಮ್ಮಮ್ಮ ಬೈದದ್ದು ನನಗೆ ಇನ್ನೂ ನೆನಪಿದೆ.

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಭತ್ತದ ಗದ್ದೆಗೆ ಇದೇ ಯೂರಿಯಾ ಚೆಲ್ಲಿದವರು. ಅವರ ಬ್ಲಡ್ ರಿಪೋರ್ಟ್‌ನಲ್ಲಿ ಯೂರಿಯಾ 310 ಎಂದು ಬಂದ ದಿನ ಅವರು ಕೇಳಿದ ಮೊದಲ ಪ್ರಶ್ನೆ ಇದು: "ಬರಿಗೈಯಲ್ಲಿ ಚೆಲ್ಲಿದ್ದೇ ಮೈಗೆ ಹತ್ತಿತೇನೋ?"

ನಗುವ ಪ್ರಶ್ನೆಯಲ್ಲ ಅದು. ಮೂಟೆಯಲ್ಲಿರುವುದೂ ರಕ್ತದಲ್ಲಿರುವುದೂ ಒಂದೇ ವಸ್ತು, ಅಣುವಿಗೆ ಅಣು ಒಂದೇ. ಆದರೆ ಗದ್ದೆಯಿಂದ ಬಂದದ್ದಲ್ಲ. ನಾವು ತಿಂದ ಬೇಳೆ, ಹಾಲು, ಮೊಟ್ಟೆ, ಮೀನಿನ ಪ್ರೋಟೀನ್ ಮೈಯಲ್ಲಿ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ ಮೆದುಳಿಗೆ ವಿಷ. ಲಿವರ್ ಅದನ್ನು ಹಿಡಿದು ಯೂರಿಯಾ ಮಾಡುತ್ತದೆ. ಯೂರಿಯಾ ಅದಕ್ಕಿಂತ ಎಷ್ಟೋ ಸಾಧು, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ, ದಿನಕ್ಕೆ ಸುಮಾರು 20ರಿಂದ 30 ಗ್ರಾಂ. ಕಿಡ್ನಿ ಕೈಕೊಟ್ಟರೆ ಅದು ರಕ್ತದಲ್ಲೇ ಉಳಿಯುತ್ತದೆ.

ಆ 310 ಎಂಬ ನಂಬರೇ ಮನೆಮಂದಿಯ ನಿದ್ದೆ ಕೆಡಿಸಿತು. ನಾನು ಕೆಮಿಸ್ಟ್ರಿ ಪಾಠ ಮಾಡುವವನು, ಡಾಕ್ಟರಲ್ಲ. ಆದರೂ ನನಗೆ ಅನ್ನಿಸಿದ್ದೇನೆಂದರೆ, ಯೂರಿಯಾಗೂ ನೀರಿಗೂ ಇರುವ ನಂಟು ಗೊತ್ತಾದರೆ ಕಿಡ್ನಿ ರೋಗಿಗಳಲ್ಲಿ ಅಪರೂಪಕ್ಕೆ ಕಾಣುವ ಕೆಲವು ವಿಚಿತ್ರ ತೊಂದರೆಗಳು ವಿಚಿತ್ರ ಅನ್ನಿಸುವುದಿಲ್ಲ. ನಂಬರಿನ ಭಯವೂ ಒಂದಿಷ್ಟು ಇಳಿಯುತ್ತದೆ.

ನಂಬರಿನ ಮಾತು ಬಂದಾಗಲೇ ಒಂದು ಗೊಂದಲ ತೀರಿಸಿಬಿಡುತ್ತೇನೆ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ಫೋನಿನಲ್ಲಿ "ಇಲ್ಲಿ 100 ದಾಟಿದರೇ ಗಾಬರಿ ಬೀಳ್ತಾರೆ, ಅಲ್ಲಿ 310 ಅಂದ್ರೆ ಹೆಂಗೆ" ಎಂದು ಅಳುವುದೊಂದು ಬಾಕಿ. ಅಮೆರಿಕದ ಲ್ಯಾಬುಗಳು ಇಡೀ ಯೂರಿಯಾವನ್ನು ಲೆಕ್ಕ ಹಾಕುವುದಿಲ್ಲ, ಅದರೊಳಗಿನ ನೈಟ್ರೋಜನ್ ಮಾತ್ರ ಹೇಳುತ್ತವೆ. ಅದಕ್ಕೆ ಬಿಯುಎನ್ ಎಂದು ಹೆಸರು. ನಮ್ಮ ಯೂರಿಯಾ ನಂಬರನ್ನು 2.14ರಿಂದ ಭಾಗಿಸಿದರೆ ಅವರ ನಂಬರು ಸಿಗುತ್ತದೆ. 310 ಎಂದರೆ ಅಲ್ಲಿ ಸುಮಾರು 145. ಅದೂ ಜಾಸ್ತಿಯೇ, ಆದರೆ ಆ ರಾತ್ರಿ ಅವನಿಗೆ ನಿದ್ದೆ ಬಂತು.

ಲೋಟ ಯಾಕೆ ತಣ್ಣಗಾಯಿತು? ಯೂರಿಯಾ ಕಾಳಿನೊಳಗೆ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಲು ಶಾಖ ಬೇಕು. ಅದನ್ನು ನೀರಿನಿಂದಲೇ ಕಿತ್ತುಕೊಳ್ಳುತ್ತವೆ. ಬಿಡಿಸಿಕೊಂಡ ಅಣು ಸುತ್ತಲಿನ ನೀರಿನ ಅಣುಗಳ ಕೈ ಹಿಡಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಕೆಜಿಗಿಂತ ಜಾಸ್ತಿ ಯೂರಿಯಾ ಕರಗುತ್ತದೆ ಎಂದರೆ ನೋಡಿ, ಎಂಥ ಸ್ನೇಹ ಅದು. ಹಾಗಾಗಿ ಮೈಯಲ್ಲಿ ನೀರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಯೂರಿಯಾ ಇರುತ್ತದೆ. ರಕ್ತದಲ್ಲಿ, ಎಂಜಲಿನಲ್ಲಿ, ಮೆದುಳಿನಲ್ಲಿ, ಬೆವರಿನಲ್ಲೂ.

ಬೆವರಿನಿಂದಲೇ ಶುರು ಮಾಡೋಣ. ಬಿಸಿಲಿನಲ್ಲಿ ದುಡಿದವರ ಅಂಗಿಯ ಬೆನ್ನಿನ ಮೇಲೆ ಸಂಜೆ ಹೊತ್ತಿಗೆ ಉಪ್ಪಿನ ಬಿಳಿ ಗೆರೆ ಕಾಣುತ್ತದೆ ಅಲ್ವಾ? ರಕ್ತದ ಯೂರಿಯಾ ತುಂಬಾ ಏರಿದಾಗ, ಸಾಮಾನ್ಯವಾಗಿ ನಮ್ಮ ಲೆಕ್ಕದ 400 ದಾಟಿದ ಮೇಲೆ, ಕೆಲವರ ಚರ್ಮದ ಮೇಲೂ ಹೀಗೇ ಆಗುತ್ತದೆ. ಬೆವರಿನ ನೀರು ಆರಿಹೋಗುತ್ತದೆ, ಯೂರಿಯಾ ಉಳಿಯುತ್ತದೆ. ಮುಖ, ಗಡ್ಡ, ಕತ್ತು, ಎದೆಯ ಮೇಲೆ ಬಿಳಿ ಪುಡಿ, ಯಾರೋ ವಿಭೂತಿ ಉದುರಿಸಿದ ಹಾಗೆ. ಇದಕ್ಕೆ ಡಾಕ್ಟರುಗಳು ಯುರೀಮಿಕ್ ಫ್ರಾಸ್ಟ್ ಎನ್ನುತ್ತಾರೆ. ಫ್ರಾಸ್ಟ್ ಎಂದರೆ ಹಿಮದ ಪುಡಿ. 1865ರಲ್ಲಿ ಇದನ್ನು ಮೊದಲು ಬರೆದಿಟ್ಟವರು ಹಿರ್ಷ್‌ಸ್ಪ್ರುಂಗ್ ಎಂಬ ಡೆನ್ಮಾರ್ಕಿನ ಡಾಕ್ಟರು.

ಡಯಾಲಿಸಿಸ್ ಬಂದ ಮೇಲೆ ಇದು ಅಪರೂಪ. ಯೂರಿಯಾ ಆ ಮಟ್ಟಕ್ಕೆ ಏರಲು ಬಿಡುವುದೇ ಇಲ್ಲ. ಆದರೆ ಕಾಯಿಲೆ ಗೊತ್ತೇ ಆಗದೆ ತಡವಾಗಿ ಬಂದವರಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಒಣ ಚರ್ಮದ ಹೊಟ್ಟಿನ ಹಾಗೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ವ್ಯತ್ಯಾಸ ತಿಳಿಯಲು ಹನಿ ನೀರು ಸಾಕು. ಹೊಟ್ಟು ಒದ್ದೆಯಾಗುತ್ತದೆ. ಯೂರಿಯಾ ಮಾಯವಾಗುತ್ತದೆ.

ಈಗ ಡಯಾಲಿಸಿಸ್. ಇದರ ತತ್ವ ಕಂಡುಹಿಡಿದದ್ದು, ಹೆಸರಿಟ್ಟದ್ದು ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ, 1861ರಲ್ಲಿ. ಆತ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಅರ್ಧ ಲೀಟರ್ ಮೂತ್ರವನ್ನು ಪಾರ್ಚ್‌ಮೆಂಟ್ ಕಾಗದದ ಪರದೆಯ ಒಂದು ಕಡೆ ಇಟ್ಟ, ಇನ್ನೊಂದು ಕಡೆ ನೀರು. ಒಂದು ದಿನ ಬಿಟ್ಟು ಆ ನೀರನ್ನು ಆವಿ ಮಾಡಿದಾಗ ಬಿಳಿ ಪದಾರ್ಥ ಉಳಿಯಿತು. ಅದರಿಂದ ಯೂರಿಯಾದ ಅಂದವಾದ ಹರಳು ತೆಗೆದ. ಚಿಕ್ಕ ಅಣುಗಳು ಪರದೆ ದಾಟಿದವು, ದೊಡ್ಡವು ಅಲ್ಲೇ ಉಳಿದವು. ಇವತ್ತಿನ ಡಯಾಲಿಸಿಸ್ ಮೆಷಿನ್ನೂ ಮಾಡುವುದು ಇಷ್ಟೇ. ಕಾಗದದ ಬದಲು ಕೂದಲಿನಷ್ಟು ಸಣ್ಣ ಸಾವಿರಾರು ಕೊಳವೆಗಳು. ಒಳಗೆ ರಕ್ತ, ಹೊರಗೆ ನೀರು. ನಿಮಿಷಕ್ಕೆ ಅರ್ಧ ಲೀಟರಿನಂತೆ, ನಾಲ್ಕು ಗಂಟೆಗೆ 120 ಲೀಟರ್ ನೀರು ಆ ರಕ್ತದ ಪಕ್ಕದಲ್ಲಿ ಹರಿದುಹೋಗುತ್ತದೆ. ಆ ನೀರಿನಲ್ಲಿ ಲವಣಗಳು ರಕ್ತದಲ್ಲಿರುವ ಅಳತೆಗೆ ಹತ್ತಿರ ಇರುತ್ತವೆ, ಯೂರಿಯಾ ಮಾತ್ರ ಇರುವುದಿಲ್ಲ. ಹಾಗಾಗಿ ಯೂರಿಯಾ ತಾನಾಗೇ ಆ ಕಡೆ ಸರಿಯುತ್ತದೆ.

ಚಿಕ್ಕಪ್ಪನನ್ನು ಮೊದಲ ಸಲ ಡಯಾಲಿಸಿಸ್‌ಗೆ ಮಲಗಿಸಿದ ದಿನ ಎರಡೇ ಗಂಟೆಗೆ ಮೆಷಿನ್ ಬಿಚ್ಚಿದರು. ಪಕ್ಕದ ಬೆಡ್ಡಿನವರಿಗೆ ನಾಲ್ಕು ಗಂಟೆ. ಚಿಕ್ಕಮ್ಮನಿಗೆ ಸಿಟ್ಟು ಬಂತು. ಫ್ರೀ ಡಯಾಲಿಸಿಸ್ ಅಂತ ಅರ್ಧಕ್ಕೆ ಎಬ್ಬಿಸುತ್ತಾರೆ ಎಂದು ಟೆಕ್ನಿಷಿಯನ್ ಹುಡುಗನಿಗೆ ಚೆನ್ನಾಗಿ ಅಂದರು. ಆ ಹುಡುಗ "ನಿಧಾನಕ್ಕೇ ತೆಗೀಬೇಕಮ್ಮ" ಎಂದಷ್ಟೇ ಹೇಳಿ ಸುಮ್ಮನಾದ. ಸರಿಯಾದ ಮಾತೇ. ಬಿಡಿಸಿ ಹೇಳಲು ಅವನಿಗೆ ಹೊತ್ತಿರಲಿಲ್ಲ ಅಷ್ಟೇ.

ಬಿಡಿಸಿ ಹೇಳಲು ಒಣದ್ರಾಕ್ಷಿ ಸಾಕು. ಪಾಯಸಕ್ಕೆಂದು ಒಣದ್ರಾಕ್ಷಿ ನೆನೆಹಾಕಿದರೆ ಉಬ್ಬುತ್ತದೆ. ಒಳಗೆ ಸಕ್ಕರೆ ಜಾಸ್ತಿ, ಹೊರಗೆ ಇಲ್ಲ. ಸಕ್ಕರೆ ಸಿಪ್ಪೆ ದಾಟಿ ಬೇಗ ಹೊರಬರುವುದಿಲ್ಲ, ನೀರು ಮಾತ್ರ ಸುಲಭವಾಗಿ ಒಳಹೋಗುತ್ತದೆ. ಎರಡೂ ಕಡೆ ಸಮ ಮಾಡುವುದೇ ನೀರಿನ ಹಟ.

ತಿಂಗಳುಗಟ್ಟಲೆ ಯೂರಿಯಾ ಏರಿದವರ ಮೆದುಳಿನಲ್ಲೂ ರಕ್ತದಲ್ಲಿರುವಷ್ಟೇ ಯೂರಿಯಾ ತುಂಬಿರುತ್ತದೆ. ಎರಡೂ ಕಡೆ ಸಮ, ಜಗಳ ಇಲ್ಲ. ಈಗ ಮೆಷಿನ್ ರಕ್ತದ ಯೂರಿಯಾವನ್ನು ಸರಸರನೆ ಎಳೆದುಬಿಟ್ಟಿತು ಎಂದಿಟ್ಟುಕೊಳ್ಳಿ. ರಕ್ತನಾಳಕ್ಕೂ ಮೆದುಳಿಗೂ ನಡುವೆ ಬಿಗಿ ಕಾವಲಿನ ಗೋಡೆ ಇದೆ. ಯೂರಿಯಾ ಅದನ್ನು ದಾಟುತ್ತದೆ, ಆದರೆ ನಿಧಾನ. ನೀರು ಬೇಗ ದಾಟುತ್ತದೆ. ಆಗ ಮೆದುಳೇ ಒಣದ್ರಾಕ್ಷಿ. ಅದು ಉಬ್ಬತೊಡಗುತ್ತದೆ, ಉಬ್ಬಲು ತಲೆಬುರುಡೆಯಲ್ಲಿ ಜಾಗ ಇಲ್ಲ. ತಲೆನೋವು, ವಾಂತಿ, ಚಡಪಡಿಕೆ, ಕಣ್ಣು ಮಂಜು. ಅಪರೂಪಕ್ಕೆ ಫಿಟ್ಸ್, ಅದಕ್ಕಿಂತ ಅಪರೂಪಕ್ಕೆ ಕೋಮಾ. ಇದಕ್ಕೆ ಡಯಾಲಿಸಿಸ್ ಡಿಸ್‌ಈಕ್ವಿಲಿಬ್ರಿಯಂ ಎಂಬ ಉದ್ದ ಹೆಸರಿದೆ. ಸಮತೋಲ ತಪ್ಪುವುದು ಎಂದರ್ಥ. ಮಕ್ಕಳಲ್ಲಿ, ವಯಸ್ಸಾದವರಲ್ಲಿ, ಯೂರಿಯಾ ತುಂಬಾ ಏರಿದವರಲ್ಲಿ ಮೊದಲ ಕೆಲವು ಸಲ ಇದರ ಅಪಾಯ ಜಾಸ್ತಿ.

ಅದಕ್ಕೇ ಮೊದಲ ದಿನ ಎರಡು ಗಂಟೆ, ರಕ್ತದ ಓಟವೂ ನಿಧಾನ, ಕೆಲವೊಮ್ಮೆ ಚಿಕ್ಕ ಫಿಲ್ಟರ್. ಯೂರಿಯಾವನ್ನು ಶೇಕಡ 40ಕ್ಕಿಂತ ಜಾಸ್ತಿ ಇಳಿಸಬಾರದು ಎಂಬುದು ಆ ದಿನದ ಲೆಕ್ಕ. ಮೈ ಒಗ್ಗಿದ ಮೇಲೆ ಲೆಕ್ಕ ತಿರುಗಿಬೀಳುತ್ತದೆ. ಆಗ ಪ್ರತಿ ಸಲ ಕನಿಷ್ಠ ಶೇಕಡ 65ರಷ್ಟಾದರೂ ಇಳಿಯಬೇಕು. ವಿಷವನ್ನು ಬೇಗ ತೆಗೆದಷ್ಟೂ ಒಳ್ಳೆಯದು ಎಂದು ನಮಗೆಲ್ಲ ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಅಪಾಯ ತರುವುದು ಯೂರಿಯಾ ಅಲ್ಲ, ಅದರ ಹಿಂದೆ ಓಡುವ ನೀರು. ಚಿಕ್ಕಮ್ಮ ಮುಂದಿನ ವಾರ ಆ ಹುಡುಗನಿಗೆ ಡಬ್ಬಿಯಲ್ಲಿ ಕೋಡುಬಳೆ ಒಯ್ದರು.

ಇಲ್ಲಿಯವರೆಗೆ ಯೂರಿಯಾ ಸುಮ್ನೆ ಕರಗಿತು, ಸುಮ್ನೆ ಹರಿಯಿತು. ಇನ್ನು ಮುಂದೆ ಅದು ಬೇರೆಯಾಗುವ ಕಥೆ.

1828ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿದ್ದ 27 ವರ್ಷದ ರಸಾಯನಶಾಸ್ತ್ರಜ್ಞ ಫ್ರೀಡ್ರಿಖ್ ವೋಲರ್, ಸ್ಟಾಕ್‌ಹೋಮ್‌ನಲ್ಲಿದ್ದ ತನ್ನ ಗುರು ಬರ್ಸೀಲಿಯಸ್‌ಗೆ ಒಂದು ಕಾಗದ ಬರೆದ. ನನ್ನ ಕೆಮಿಕಲ್ ನೀರನ್ನು ಇನ್ನು ತಡೆದುಕೊಳ್ಳಲಾರೆ, ಮನುಷ್ಯನದ್ದಾಗಲಿ ನಾಯಿಯದ್ದಾಗಲಿ ಕಿಡ್ನಿಯೇ ಬೇಡದೆ ನಾನು ಯೂರಿಯಾ ಮಾಡಬಲ್ಲೆ ಎಂಬುದು ಅದರ ಸಾರ. ಯೂರಿಯಾ ಸುದ್ದಿಗೆ ಉಚ್ಚೆ ತಡೆಯಲಾಗದ ಜೋಕು! ಸಿಲ್ವರ್ ಸಯನೇಟ್ ಎಂಬ ಲವಣಕ್ಕೆ ನವಸಾಗರದ ನೀರು ಬೆರೆಸಿ, ಸೋಸಿ, ಆರಿಸಿದರೆ ಅಮೋನಿಯಂ ಸಯನೇಟ್ ಸಿಗಬೇಕಿತ್ತು. ಸಿಕ್ಕಿದ್ದು ಯೂರಿಯಾ. ಪ್ರಾಣಿಯ ಮೈಯಲ್ಲಿ ಮಾತ್ರ ಹುಟ್ಟುತ್ತದೆ ಎಂದುಕೊಂಡ ವಸ್ತು ಗಾಜಿನ ಬಟ್ಟಲಿನಲ್ಲಿ, ಬರೀ ನೀರಿನಲ್ಲಿ ಹುಟ್ಟಿತ್ತು. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪಾಠ ಇಂದಿಗೂ ಇಲ್ಲಿಂದಲೇ ಶುರುವಾಗುತ್ತದೆ. ಕಿಡ್ನಿ ಯೂರಿಯಾ ಮಾಡುವುದಿಲ್ಲ, ಹೊರಹಾಕುತ್ತದೆ ಅಷ್ಟೇ. ಲಿವರ್ ಅದನ್ನು ಹೇಗೆ ಮಾಡುತ್ತದೆ ಎಂದು ಕ್ರೆಬ್ಸ್ ಮತ್ತು ಹೆನ್ಸೆಲೀಟ್ ಬಿಡಿಸಿಟ್ಟದ್ದು 1932ರಲ್ಲಿ.

ಪಾಠದಲ್ಲಿ ನಾವು ಹೇಳದೆ ಬಿಡುವ ಒಂದು ಮಾತಿದೆ. ವೋಲರ್ ಮಾಡಿದ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ನೀರಿನಲ್ಲಿ ಬಿಟ್ಟ ಯೂರಿಯಾ ತುಂಬಾ ನಿಧಾನಕ್ಕೆ, ತುಂಬಾ ಸ್ವಲ್ಪ, ಮತ್ತೆ ಅಮೋನಿಯಂ ಮತ್ತು ಸಯನೇಟ್ ಆಗುತ್ತದೆ. ಸಯನೇಟ್ ಎಂದರೆ ಸಯನೈಡ್ ಅಲ್ಲ, ಹೆದರಬೇಡಿ. ಆದರೆ ಅದಕ್ಕೊಂದು ಕೆಟ್ಟ ಚಾಳಿ ಇದೆ. ಪ್ರೋಟೀನಿನ ಮೈಮೇಲಿನ ಅಮೈನೋ ಗುಂಪು ಕಂಡರೆ ಹೋಗಿ ಅಂಟಿಕೊಳ್ಳುತ್ತದೆ. ಮತ್ತೆ ಬಿಡುವುದಿಲ್ಲ. 1960ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಸ್ಟಾರ್ಕ್, ಸ್ಟೈನ್, ಮೂರ್ ಎಂಬ ಮೂವರು ಇದನ್ನು ತೋರಿಸಿದರು. ಯೂರಿಯಾ ನೀರಿನಲ್ಲಿಟ್ಟ ಪ್ರೋಟೀನು ಕೆಡುತ್ತಿದ್ದದ್ದು ಅದರೊಳಗೆ ತಾನಾಗೇ ಹುಟ್ಟಿದ ಸಯನೇಟಿನಿಂದ. ಇವತ್ತಿಗೂ ಪ್ರೋಟೀನ್ ಲ್ಯಾಬಿನಲ್ಲಿ ಯೂರಿಯಾ ನೀರನ್ನು ಆವತ್ತಿಂದಾವತ್ತು ಮಾಡಿಕೊಳ್ಳುತ್ತಾರೆ, ಕಾಯಿಸುವುದಿಲ್ಲ. ಹಳಸಿದ ಸಾರಿನ ಹಾಗೆ, ನಿನ್ನೆಯದು ಬೇಡ.

ಕಿಡ್ನಿ ರೋಗಿಯ ರಕ್ತ ಎಂದರೆ 37 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಟ್ಟ ಯೂರಿಯಾ ನೀರು. ಅಲ್ಲೂ ಸಯನೇಟ್ ಹುಟ್ಟುತ್ತದೆ, ಹಿಮೋಗ್ಲೋಬಿನ್ನಿಗೆ, ರಕ್ತದ ಇನ್ನೊಂದು ಪ್ರೋಟೀನಾದ ಆಲ್ಬುಮಿನ್ನಿಗೆ ಅಂಟುತ್ತದೆ. ಇದಕ್ಕೆ ಕಾರ್ಬಮೈಲೇಷನ್ ಎಂದು ಹೆಸರು. ಸಿಗರೇಟು ಸೇದುವವರ ಮೈಯಲ್ಲಿ ಇನ್ನೊಂದು ದಾರಿಯಿಂದಲೂ ಸಯನೇಟ್ ಬರುತ್ತದೆ ಎಂದು 2007ರಲ್ಲಿ ಗೊತ್ತಾಯಿತು.

ಇದೇ ಸಯನೇಟನ್ನು ಬೇಕೆಂದೇ ಔಷಧವಾಗಿ ಕೊಟ್ಟದ್ದೂ ಉಂಟು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ನಮ್ಮ ಮೈಸೂರು, ಚಾಮರಾಜನಗರ ಕಡೆಯ ಹಾಡಿಗಳಲ್ಲೂ ಇದೆ. ಅದರಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಹಿಮೋಗ್ಲೋಬಿನ್ನಿಗೆ ಸಯನೇಟ್ ಅಂಟಿದರೆ ಹಾಗೆ ಬಾಗುವುದು ಕಡಿಮೆ ಎಂದು 1971ರಲ್ಲಿ ಅಮೆರಿಕದಲ್ಲಿ ಸೆರಾಮಿ ಮತ್ತು ಮ್ಯಾನಿಂಗ್ ತೋರಿಸಿದರು. ರೋಗಿಗಳಿಗೆ ಕೊಟ್ಟು ನೋಡಿದರು. ಕೆಲವರಿಗೆ ಕೈಕಾಲಿನ ನರ ಕೆಟ್ಟಿತು, ಕಣ್ಣಿಗೆ ಪೊರೆ ಬಂತು. ನಿಲ್ಲಿಸಬೇಕಾಯಿತು. ಕಿಡ್ನಿ ರೋಗಿಗಳ ಪಾದದ ಜೋಮಿಗೂ ಸಯನೇಟೇ ಕಾರಣ ಎಂದು ಇದರಿಂದ ಹಾರಿಬೀಳಬಾರದು, ಅದಕ್ಕೆ ಕಾರಣಗಳು ಹಲವು. ಆದರೆ ಯೂರಿಯಾ ಪೂರ್ತಿ ಸಾಧು ಎಂಬ ಮಾತು ಆಮೇಲೆ ಯಾರ ಬಾಯಲ್ಲೂ ಅಷ್ಟು ಸಲೀಸಾಗಿ ಬರಲಿಲ್ಲ.

2013ರಲ್ಲಿ ಅಮೆರಿಕದ ಸಂಶೋಧಕರು ಡಯಾಲಿಸಿಸ್ ರೋಗಿಗಳಲ್ಲಿ ಸಯನೇಟ್ ಅಂಟಿದ ಆಲ್ಬುಮಿನ್ ಅಳೆದರು. ಅದು ಜಾಸ್ತಿ ಇದ್ದವರಲ್ಲಿ ಸಾವಿನ ಅಪಾಯವೂ ಜಾಸ್ತಿ ಇತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ರಕ್ತದಲ್ಲಿ ಬಿಡಿ ಅಮೈನೋ ಆಸಿಡ್‌ಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, ಕಡಿಮೆ ಇದ್ದವರಲ್ಲಿ ಈ ಅಂಟು ಜಾಸ್ತಿ ಕಂಡಿತು. ಅಮೈನೋ ಆಸಿಡ್ ಇದ್ದರೆ ಸಯನೇಟ್ ಅದಕ್ಕೇ ಅಂಟಿಕೊಂಡು ಹೋಗುತ್ತದೆ, ಪ್ರೋಟೀನು ಉಳಿಯುತ್ತದೆ.

ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಯೂರಿಯಾ ಏರುತ್ತದೆ ಎಂದು ಬೇಳೆ ಬಿಡಿಸುತ್ತೇವೆ, ಮೊಟ್ಟೆ ಬಿಡಿಸುತ್ತೇವೆ, ಗಂಜಿ ಕುಡಿಸುತ್ತೇವೆ. ಡಯಾಲಿಸಿಸ್ ಶುರುವಾಗುವ ಮೊದಲು ಪ್ರೋಟೀನಿಗೆ ಮಿತಿ ಹಾಕುವುದು ನಿಜ. ಶುರುವಾದ ಮೇಲೆ ಲೆಕ್ಕ ಬೇರೆ, ಮೈತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಊಟ ಬಿಟ್ಟವರ ಯೂರಿಯಾ ನಂಬರು ಇಳಿದೇ ಇಳಿಯುತ್ತದೆ. ಅದು ಗುಣವಾದದ್ದಲ್ಲ, ಸೊರಗಿದ್ದು. ಯಾರಿಗೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು, ನಾನಲ್ಲ. ಆದರೆ ಕೇಳದೆ ಗಂಜಿಗೆ ಇಳಿಸಬೇಡಿ.

ಶುಗರ್ ಇರುವವರಿಗೆ ಒಂದು ಮಾತು. ಮೂರು ತಿಂಗಳ ಶುಗರ್ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಗೊತ್ತಲ್ಲ? ಹಿಮೋಗ್ಲೋಬಿನ್ನಿನ ಒಂದು ತುದಿಗೆ ಸಕ್ಕರೆ ಎಷ್ಟು ಅಂಟಿದೆ ಎಂಬುದೇ ಆ ಟೆಸ್ಟ್. ಸಯನೇಟೂ ಅದೇ ತುದಿಗೆ ಬಂದು ಅಂಟುತ್ತದೆ. ಹಳೆಯ ಮೆಷಿನ್ನುಗಳಿಗೆ ಎರಡರ ವ್ಯತ್ಯಾಸ ಗೊತ್ತಾಗದೆ ನಂಬರು ಸುಳ್ಳೇ ಏರುತ್ತಿತ್ತು. ಈಗಿನ ಬಹುತೇಕ ವಿಧಾನಗಳಲ್ಲಿ ಆ ತೊಂದರೆ ಇಲ್ಲ. ಈಗ ತಪ್ಪಾದರೆ ಸಾಮಾನ್ಯವಾಗಿ ಇನ್ನೊಂದು ಕಡೆಗೆ. ಡಯಾಲಿಸಿಸ್‌ನವರ ಕೆಂಪು ರಕ್ತಕಣ ಬೇಗ ಸಾಯುತ್ತದೆ. ಸಕ್ಕರೆ ಅಂಟಲು ಹೊತ್ತೇ ಸಿಗದೆ ನಂಬರು ಇರುವುದಕ್ಕಿಂತ ಕಡಿಮೆ ಬರುತ್ತದೆ.

ನೀರನ್ನು ಕಂಡರೆ ಆಗದ ಅಣುಗಳದ್ದು ಬೇರೆಯೇ ಕಥೆ. ನಾನು ಓದುವಾಗ ಆರ್ಗ್ಯಾನಿಕ್ ಲ್ಯಾಬಿನಲ್ಲಿ ನೀರೆಂದರೆ ಶತ್ರು. ಗಾಜೆಲ್ಲ ಒಣಗಿಸು, ಈಥರ್ ಹಾಕು, ಬೆಂಜೀನ್ ಹಾಕು. 1980ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೆಸ್ಲೋ ಮತ್ತು ಡ್ಯಾರಿಲ್ ರೈಡೌಟ್ ಒಂದು ಹೆಸರಾಂತ ಕ್ರಿಯೆಯನ್ನು ನೀರಿನಲ್ಲಿ ಮಾಡಿ ನೋಡಿದರು. ಡೀಲ್ಸ್ ಆಲ್ಡರ್ ಎಂದು ಅದರ ಹೆಸರು. ಪೆಟ್ರೋಲಿನಂಥ ದ್ರವದಲ್ಲಿ ನಡೆಯುವುದಕ್ಕಿಂತ ನೀರಿನಲ್ಲಿ 700 ಪಟ್ಟು ಬೇಗ ನಡೆಯಿತು. ಸಾರಿನ ಮೇಲಿನ ಎಣ್ಣೆ ಹನಿಗಳನ್ನು ನೋಡಿ, ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ನೀರು ತನಗೆ ಒಗ್ಗದ ಅಣುಗಳನ್ನೂ ಹೀಗೇ ಒತ್ತಟ್ಟಿಗೆ ದೂಡುತ್ತದೆ. ಒತ್ತಟ್ಟಿಗೆ ಬಂದವು ಬೇಗ ಕೂಡಿಕೊಳ್ಳುತ್ತವೆ.

ಮೈಯೊಳಗೆ ಈ ದೂಡುವಿಕೆಗೆ ಸಿಕ್ಕವು ಆಲ್ಬುಮಿನ್ ಪ್ರೋಟೀನಿನ ಮಡಿಕೆಗಳಲ್ಲಿ ಹೋಗಿ ಅಡಗುತ್ತವೆ. ಇಂಡಾಕ್ಸಿಲ್ ಸಲ್ಫೇಟ್ ಅಂಥದ್ದೊಂದು. ಆಹಾರದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಸಿಡ್ಡನ್ನು ಕರುಳಿನ ಬ್ಯಾಕ್ಟೀರಿಯಾ ಒಡೆಯುತ್ತವೆ, ಉಳಿದದ್ದಕ್ಕೆ ಲಿವರ್ ಸಲ್ಫೇಟಿನ ಬಾಲ ಕಟ್ಟುತ್ತದೆ. ಬಾಲ ನೀರಿಗೆ ಒಗ್ಗುತ್ತದೆ, ತಲೆ ಒಗ್ಗುವುದಿಲ್ಲ. ರಕ್ತದಲ್ಲಿ ಅದರ ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಭಾಗ ಆಲ್ಬುಮಿನ್ನಿಗೆ ಕಚ್ಚಿಕೊಂಡಿರುತ್ತದೆ. ಆಲ್ಬುಮಿನ್ ಫಿಲ್ಟರ್ ದಾಟುವುದಿಲ್ಲ, ಹಾಗಾಗಿ ಇದೂ ದಾಟುವುದಿಲ್ಲ. ಡಯಾಲಿಸಿಸ್ ಮುಗಿದಾಗ ಯೂರಿಯಾ ನಂಬರು ಚೆನ್ನಾಗಿ ಇಳಿದಿರುತ್ತದೆ, ಇದು ಬಹುಪಾಲು ಹಾಗೇ ಕೂತಿರುತ್ತದೆ. ರಿಪೋರ್ಟಿನಲ್ಲಿ ಇದರ ಹೆಸರೂ ಇರುವುದಿಲ್ಲ.

ಈ ಇಂಡಾಕ್ಸಿಲ್ ಸಲ್ಫೇಟಿನ ಕೈವಾಡ ಕಣ್ಣಿಗೆ ಕಾಣುವ ಒಂದು ಸಂದರ್ಭ ಇದೆ. ಹಾಸಿಗೆ ಹಿಡಿದ ಅಜ್ಜಿ, ಬಹಳ ದಿನದಿಂದ ಮೂತ್ರಕ್ಕೆ ಹಾಕಿದ ಕ್ಯಾಥೆಟರ್ ಕೊಳವೆ, ಜೊತೆಗೆ ಮಲಬದ್ಧತೆ, ಕೆಲವೊಮ್ಮೆ ಕಿಡ್ನಿಯೂ ಸೋತಿದೆ. ಒಂದು ಬೆಳಿಗ್ಗೆ ನೋಡಿದರೆ ಮೂತ್ರದ ಚೀಲ ನೇರಳೆ ಹಣ್ಣಿನ ಬಣ್ಣ. ಮನೆಯವರ ಎದೆ ಒಡೆಯುತ್ತದೆ. 1978ರಿಂದ ಇದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ, ಪರ್ಪಲ್ ಯೂರಿನ್ ಬ್ಯಾಗ್ ಎಂದೇ ಹೆಸರು.

ಆಗುವುದಿಷ್ಟು. ಮಲ ಕಟ್ಟಿಕೊಂಡಾಗ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹೊತ್ತು ಜಾಸ್ತಿ ಸಿಗುತ್ತದೆ, ಇಂಡಾಕ್ಸಿಲ್ ಸಲ್ಫೇಟ್ ಜಾಸ್ತಿ ಹುಟ್ಟಿ ಮೂತ್ರಕ್ಕೆ ಇಳಿಯುತ್ತದೆ. ಕ್ಯಾಥೆಟರಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾ ಆ ಸಲ್ಫೇಟ್ ಬಾಲ ಕತ್ತರಿಸುತ್ತವೆ. ಅವುಗಳಲ್ಲಿ ಕೆಲವು ಅಲ್ಲಿರುವ ಯೂರಿಯಾವನ್ನೂ ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ. ಬಾಲ ಕಳೆದುಕೊಂಡ ಇಂಡಾಕ್ಸಿಲ್ ಗಾಳಿ ತಾಗಿ ಎರಡೆರಡು ಕೂಡಿಕೊಂಡು ಇಂಡಿಗೊ ಆಗುತ್ತದೆ. ಅದು ನೀಲಿ. ಜೊತೆಗೆ ಒಂದಿಷ್ಟು ಕೆಂಪು ಇಂಡಿರುಬಿನ್. ಎರಡೂ ಸೇರಿ ನೇರಳೆ.

ಇಂಡಿಗೊ ಎಂದರೆ ನೀಲಿ ಗಿಡದ ಅದೇ ನೀಲಿ. ಎಲೆಯಲ್ಲಿ ಇಂಡಾಕ್ಸಿಲ್‌ಗೆ ಸಲ್ಫೇಟಿನ ಬದಲು ಸಕ್ಕರೆಯ ಬಾಲ ಇರುತ್ತದೆ. ತೊಟ್ಟಿಯಲ್ಲಿ ಕೊಳೆಹಾಕಿದಾಗ ಆ ಬಾಲ ಕಳಚುತ್ತದೆ, ಆಮೇಲೆ ನೀರನ್ನು ಬಡಿದು ಗಾಳಿ ತುಂಬಿದರೆ ನೀಲಿ ಹುಟ್ಟುತ್ತದೆ. ನೂರಾರು ವರ್ಷ ಬಣ್ಣದವರು ತೊಟ್ಟಿಯಲ್ಲಿ ಮಾಡಿದ ಕೆಲಸ ಇಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತಾನಾಗೇ ನಡೆದಿದೆ.

ಬಣ್ಣದಿಂದ ಅಪಾಯವಿಲ್ಲ. ಆದರೆ ಮೂತ್ರದಲ್ಲಿ ಸೋಂಕಿರಬಹುದು ಎಂಬ ಸೂಚನೆ ಅದು, ಡಾಕ್ಟರಿಗೆ ತೋರಿಸಲೇಬೇಕು. ಕ್ಯಾಥೆಟರ್ ಬದಲಿಸುತ್ತಾರೆ, ಮಲಬದ್ಧತೆಗೆ ಔಷಧ ಕೊಡುತ್ತಾರೆ, ಬೇಕಿದ್ದರೆ ಆಂಟಿಬಯಾಟಿಕ್. ಹೊಸ ಚೀಲದಲ್ಲಿ ಮೂತ್ರ ಮತ್ತೆ ಮಾಮೂಲಿ ಹಳದಿ. ಹಳೆಯ ಚೀಲ ಮಾತ್ರ ಎಷ್ಟು ತೊಳೆದರೂ ನೇರಳೆಯಾಗೇ ಉಳಿಯುತ್ತದೆ. ಬಣ್ಣ ಪ್ಲಾಸ್ಟಿಕ್ಕಿಗೆ ಇಳಿದಿರುತ್ತದೆ, ಇಂಡಿಗೊ ನೀರಿಗೆ ಬಗ್ಗುವುದಿಲ್ಲ.